ಗಾಳಿ ಕಂಡರಾಗದ ಕುಲ

ಮಾರ್ಚ್ ೧೨, ಗುರುವಾರ

ಲ್ಯಾಬ್‌ನಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದಿದೆಯೋ ಇಲ್ಲವೋ ಎಂಬ ಟೆನ್ಷನ್‌ಗೆ ಜಾಡಿಯ ಮುಚ್ಚಳ ತೆಗೆದು ನೋಡಿಬಿಟ್ಟೆ. ಈ ಬ್ಯಾಕ್ಟೀರಿಯಾಕ್ಕೆ ಗಾಳಿಯೇ ವಿಷ. ಬೆಳೆದದ್ದೆಲ್ಲ ಹಾಳಾಯಿತು.

"ಕೊಂದೆಯಲ್ಲೇ ಮಹರಾಯ್ತಿ! ಪೇಂಟ್ ಕಾರ್ಖಾನೆಗೆ ಬ್ಯುಟನಾಲ್ ದ್ರಾವಕ ಮಾಡಿಕೊಡೋ ಪಾಪದ ಜೀವಗಳು," ಎಂದು ಮೇಡಂ ಹಣೆ ಚಚ್ಚಿಕೊಂಡರು. ಎಲ್ಲರೂ ನಕ್ಕರು.

ಪಾಪವಂತೆ! ಇದೇ ಕುಲದ ಇನ್ನೊಂದು ಜಾತಿಯೇ ಧನುರ್ವಾಯು ತರುವುದು. ವೆಲ್ಡರ್ ಆಗಿದ್ದ ನನ್ನ ಮಾಮನ ಕಾಲಿಗೆ ಚುಚ್ಚಿದ ಮೊಳೆಯಿಂದ ಒಳಹೊಕ್ಕಿತ್ತು. ದವಡೆ ಬಿಗಿದುಕೊಂಡು ಹೋಗಿಬಿಟ್ಟ. ನಾನಾಗ ಹಾಸ್ಟೆಲ್‌ನಲ್ಲಿದ್ದೆ, ಪರೀಕ್ಷೆ ಮುಗಿಯುವವರೆಗೆ ಯಾರೂ ಹೇಳಲಿಲ್ಲ.

ಸೋಮವಾರದೊಳಗೆ ಮತ್ತೆ ಬೆಳೆಸದಿದ್ದರೆ ಪ್ರಾಕ್ಟಿಕಲ್ ಫೇಲ್. "ಮಕ್ಕಳ ಹಾಗೆ ನೋಡ್ಕೋ," ಎಂದರು. "ಯೆಸ್ ಮೇಡಂ, ಸಾರಿ ಮೇಡಂ," ಎಂದೆ. ಮಾಮನ ಬಾಯಿಗೆ ಹನಿ ನೀರು ಬಿಡದ ಕೈಯಿಂದ ಇವಕ್ಕೆ ಸಕ್ಕರೆ ನೀರು ಕಲಸಿಟ್ಟು ಬಂದೆ. ಈಗ, ಬೆಳೆಯಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೇನೆ. ಥೂ, ನನ್ನ...