ಬರ್ಬೊರಾ ಎಂಬ ಹೆಸರು

ಕೊಲೀನ್ ಪಟ್ಟಣ,
ಕ್ರಿಸ್ಮಸ್ ಮುನ್ನಾದಿನ, ೧೪೨೧

ಪ್ರೀತಿಯ ಅಮ್ಮನಿಗೆ,

ನಿನ್ನ ದೊರೋತಾಳ ನಮಸ್ಕಾರ. ತಮ್ಮ ವಾನ್ಯೆಕ್ ಕ್ಷೇಮ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಟೆ ಬಾರಿಸುತ್ತಿದ್ದ ಹವೆಲ್ ತಾತನ ಕೈಲಿ ಇದನ್ನು ಓದಿಸಿಕೋ, ಬಾಗಿಲು ಹಾಕಿಕೊಂಡು.

ನಮ್ಮೂರ ಗಂಟೆಗೆ ನಾಮಕರಣವಾದ ದಿನ ಬರ್ಬೊರಾ ಎಂದು ಹೆಸರಿಟ್ಟ ಧರ್ಮತಾಯಿ ನೀನು. ಫಿರಂಗಿ ಎರಕಕ್ಕೆಂದು ಅವಳನ್ನು ಕರಗಿಸುವ ಮುಂಚೆ ಹೆಸರನ್ನು ಹಿಂದಕ್ಕೆ ಪಡೆಯಬೇಕೆಂದು ನೀನು ಬಾಯಿ ಬಡಿದುಕೊಂಡೆ. ಕಂಚಿಗೆಂಥ ಹೆಸರು ಎಂದು ಎಲ್ಲರೂ ನಕ್ಕರು. ಜೋರಾಗಿ ನಕ್ಕವಳು ನಾನೇ. ಈಗ ಅವಳು ಹೌಫ್ನಿತ್ಸೆ, ಗಾಡಿಯ ಮೇಲೆ ಕೂತು ಶತ್ರುಗಳ ಗುಂಪಿಗೆ ಕಲ್ಲು ಎರಚುವ ಗಿಡ್ಡ ಫಿರಂಗಿ.

ಅವಳು ಹಳೆಯ ಕೆಲಸ ಬಿಟ್ಟಿಲ್ಲ, ಅಮ್ಮಾ. ನಮ್ಮೂರಲ್ಲಿ ಗಂಡಸು ಸತ್ತರೆ ಒಂಬತ್ತು ಪೆಟ್ಟು, ಹೆಂಗಸು ಸತ್ತರೆ ಆರು. ಈಗ ಯಾರೂ ಮುಟ್ಟದೆಯೇ, ಸಾವಿಗೆ ಮುಂಚೆಯೇ ಗುಂಯ್‌ಗುಡುತ್ತಾಳೆ, ಅದೂ ನಮ್ಮೂರವರಿಗೆ ಮಾತ್ರ. ಗಿರಣಿಯ ಮಾತೌಷನಿಗೆ ಒಂಬತ್ತು. ಅವನ ಹೆಂಡತಿ ಕಾಚ್ಕಾಗೆ ಆರು. ಇಬ್ಬರೂ ಮಾರನೆಯ ದಿನದ ಸೂರ್ಯಾಸ್ತ ದಾಟಲಿಲ್ಲ. ವಾನ್ಯೆಕ್‌ಗೆ ಹೇಳಿದರೆ, "ಗಂಟೆ ಹೊಡೀತಿರೋದು ನಿನ್ ತಲೇಲಿ ಕಣಕ್ಕಾ, ಫಿರಂಗೀಲಲ್ಲ. ಹೋಗಿ ಗಂಜಿ ಕುಡಿ" ಎಂದು ನಗುತ್ತಾನೆ.

ಮೊನ್ನೆ ಕುತ್ನಾ ಹೋರಾದಲ್ಲಿ ರಾಜನ ಸೈನ್ಯ ನಮ್ಮನ್ನು ಸುತ್ತುಗಟ್ಟಿತು. "ಗಾಡಿ ನಿಲ್ಲಿಸ್ಬೇಡ್ರೋ! ಓಡಿಸ್ತಾನೇ ಹೊಡೀರಿ!" ಎಂದು ಅಪ್ಪಣೆಯಾಯಿತು. ಹಾಗೆ ಹೊಡೆದದ್ದನ್ನು ನಾವು ಕೇಳಿಯೂ ಇರಲಿಲ್ಲ. ನಡುದಾರಿಯಲ್ಲಿ ಅವಳು ಶುರುಮಾಡಿದಳು. ಒಂದು, ಎರಡು, ಮೂರು. ಆರು ದಾಟಿತು. ನಮ್ಮೂರ ಗಂಡಸರಲ್ಲಿ ಈಗ ಉಳಿದು ಗಾಡಿಯಲ್ಲಿದ್ದವನು ವಾನ್ಯೆಕ್ ಒಬ್ಬನೇ. ಎಂಟು ಕೇಳಿದ್ದೇ, ಹೊಡೆದು ಹೊಡೆದು ಕಾದಿದ್ದ ಆ ಕಂಚನ್ನು ಎರಡೂ ಕೈಯಿಂದ ಅದುಮಿ ಹಿಡಿದೆ. ಒಂಬತ್ತನೆಯದು ಬರಲಿಲ್ಲ. ನಾವು ರಾಜನ ಸಾಲು ಸೀಳಿಕೊಂಡು ಹೊರಬಿದ್ದೆವು. ಅಂಗೈ ಚರ್ಮ ಕಿತ್ತುಬಂದಿದೆ, ಅದಕ್ಕೇ ಅಕ್ಷರ ಸೊಟ್ಟ.

ಇನ್ನೊಮ್ಮೆ ಹಿಡಿಯಲು ನನ್ನಿಂದಾಗದು. ನಕ್ಕಿದ್ದಕ್ಕೆ ಕ್ಷಮಿಸು, ಅಮ್ಮಾ. ನನಗೆ ಭಯವಾಗಿದೆ. ಹೆಸರಿಟ್ಟವಳೇ ಅದನ್ನು ಹಿಂದಕ್ಕೆ ಪಡೆಯಬೇಕಲ್ಲವೆ? ಕಾಗದ ಸಿಕ್ಕ ಕೂಡಲೇ ಗೋಪುರದ ಕೆಳಗೆ ನಿಂತು ಅವಳನ್ನು ಬಿಡಿಸು.

ನಿನ್ನ ಮಗಳು,
ದೊರೋತಾ

ಮತ್ತೊಂದು ಮಾತು: ಕಾಗದ ಮಡಿಸುವಾಗ ಅವಳು ಮತ್ತೆ ಗುಂಯ್‌ಗುಟ್ಟಿದಳು. ಓಡಿಹೋಗಿ ಹಿಡಿಯುವಷ್ಟರಲ್ಲಿ ಆರೂ ಮುಗಿದಿದ್ದವು. ನಮ್ಮೂರ ಹೆಂಗಸರೆಂದು ಉಳಿದವರು ನಾವಿಬ್ಬರೇ, ಇಲ್ಲಿ ನಾನು, ಅಲ್ಲಿ ನೀನು. ಅದು ನನಗೇ ಆಗಲಿ ಎಂದು ಬೇಡಿಕೊಂಡು, ಕಾಗದ ಕಳಿಸದೆ ಕಾದೆ. ಇವತ್ತು ಕ್ರಿಸ್ಮಸ್. ಈಗಷ್ಟೇ ಸೂರ್ಯ ಮುಳುಗಿದ. ಅಮ್ಮಾ, ನನಗೇನೂ ಆಗಿಲ್ಲ.