ಆ ಬಾಡಿಗೆಯ ಮನೆ ತೋರಿಸಿ

ಅಕ್ಕಾ,

ಎರಡು ವರ್ಷದಿಂದ ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಕನಿಷ್ಠ ಕೂಲಿಯ ವಿಚಾರಣೆಯಲ್ಲಿ ನಮ್ಮ ಹೊಲಿಗೆ ಕಾರ್ಖಾನೆಯ ಹೆಂಗಸರ ಪರವಾಗಿ ನಾನೇ ಮಾತಾಡಿದೆ. ಮಾಲೀಕರ ವಕೀಲ ಮನೆ ಬಾಡಿಗೆಯಿಂದ ಹಿಡಿದು ಒಂದು ಸಂಸಾರದ ತಿಂಗಳ ಖರ್ಚಿನ ಪಟ್ಟಿ ಓದಿ, ಈಗಿನ ಕೂಲಿಯೇ ಧಾರಾಳವಾಯಿತು ಎಂದ.

ನಾನು ಎದ್ದು ನಿಂತೆ. "ಸಾರ್, ನೀವು ಹೇಳಿದ ಬಾಡಿಗೆಗೆ ಮನೆ ಎಲ್ಲಿದೆ ತೋರಿಸಿ. ನಾಳೆನೇ ಗಂಟುಮೂಟೆ ಕಟ್ಕೊಂಡು ಬರ್ತೀನಿ" ಎಂದೆ. ಇಡೀ ಸಭೆ ನಕ್ಕಿತು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಮಾತ್ರ ನಗಲಿಲ್ಲ. "ನೀವು ಎಷ್ಟು ಕೊಡ್ತಿದೀರಮ್ಮ?" ಎಂದು ಕೇಳಿ ಬರೆದುಕೊಂಡರು. ಕೂಲಿ ಏರಿಯೇ ಏರುತ್ತದೆ, ನೋಡುತ್ತಿರು.

ಹೊರಗೆ ಬಂದಾಗ ಎಲ್ಲರೂ ನನ್ನ ಬೆನ್ನು ತಟ್ಟಿದರು. ಹೆಚ್ಚು ಕೂಲಿ ಕೇಳಿದ್ದಕ್ಕೆ ನಿನ್ನನ್ನು ಗೇಟಿನಾಚೆ ಕಳಿಸಿದ ದಿನ, ಪಕ್ಕದ ಮಿಷನ್ನಿನಲ್ಲಿ ನಾನು ತಲೆ ಎತ್ತದೆ ಹೊಲಿಯುತ್ತಲೇ ಇದ್ದೆ. ಅದು ಅವರಿಗೆ ಗೊತ್ತಿಲ್ಲ.