ಕಿರುಬೆರಳು ತೂರದ ಬಲೆ

ಜುಲೈ ೧೮, ಶುಕ್ರವಾರ

ಮೀನು ಮೊಟ್ಟೆಯಿಡುವ ಎರಡು ತಿಂಗಳು ಶೀಳನೆರೆ ಕಡೆಯ ನಮ್ಮ ಕೆರೆಗೆ ಯಾರೂ ಬಲೆ ಬಿಡುವಂತಿಲ್ಲ ಎಂದು ಮೀನುಗಾರಿಕೆ ಇಲಾಖೆಯ ಅಧಿಕಾರಿ ಮಾತು ಕೊಟ್ಟಿದ್ದ. ಕೆರೆಯ ಮೀನು ಗುತ್ತಿಗೆ ಹಿಡಿದವನೇ ಬಿಡುತ್ತಿದ್ದಾನೆ ಎಂದು ಇವತ್ತು ಅವನ ಆಫೀಸಿನ ಸಭೆಯಲ್ಲಿ ಹೇಳಿದರೆ, ಇಲ್ಲವೇ ಇಲ್ಲ ಎಂದ. ಬಿಟ್ಟರೂ ದೊಡ್ಡ ಕಣ್ಣಿನ ಬಲೆಯಂತೆ, ಮರಿಗಳು ತಪ್ಪಿಸಿಕೊಳ್ಳುತ್ತವಂತೆ.

ನಮ್ಮ ಕೆರೆಯಲ್ಲಿ ಮೀನು ಹಿಡಿದು ಬದುಕುವ ಮಾಯಮ್ಮ, ಕೆರೆಯಿಂದ ಕಿತ್ತು ತಂದಿದ್ದ ಗುತ್ತಿಗೆದಾರನ ಬಲೆಯನ್ನೇ ಅವನ ಮೇಜಿನ ಮೇಲೆ ಹಾಸಿದಳು. "ನನ್ನ ಕಿರುಬೆರಳೇ ತೂರಾಕಿಲ್ಲ. ಮರಿ ಎಂಗೆ ತೂರ್ತದೆ, ನೀವೇ ಒಸಿ ತೋರ್ಸಿ ಸ್ವಾಮಿ" ಅಂದಳು. ಮೇಜು ಒದ್ದೆಯಾಯಿತೆಂದು ಅವನು ಜವಾನನನ್ನು ಕೂಗಿದ.

ಅದಕ್ಕಿಂತ ಹೊಟ್ಟೆ ಉರಿಸುವುದು ನನ್ನದೇ ಮಾತು. ಬಲೆ ಬಿಡಬೇಡಿ, ಮೀನು ಉಳಿದರೆ ನೀವೂ ಉಳಿಯುತ್ತೀರಿ ಎಂದು ಮನೆಮನೆಗೆ ಹೋಗಿ ಹೇಳಿದವನು ನಾನು. ನಂಬಿದ ಮಾಯಮ್ಮ ತೆಪ್ಪ ಕವುಚಿಟ್ಟು ಕೂಲಿಗೆ ಹೋಗುತ್ತಿದ್ದಾಳೆ.

ಹೊರಗೆ ಬಂದವಳು, "ಇನ್ನು ಆಫೀಸಲ್ಲಿ ಸಭೆ ಬ್ಯಾಡ ಕಣಪ್ಪ, ಆ ಗುತ್ತಿಗೆದಾರ ಬಲೆ ಎತ್ತೋ ಒತ್ಗೇ ಸೇರಾನ" ಅಂದಳು. ಮುಂದಿನ ಸಭೆ: ಸೋಮವಾರ, ಬೆಳಿಗ್ಗೆ ಐದು ಗಂಟೆ, ಕೆರೆ ಏರಿಯ ಮೇಲೆ.